ಕುದುರೆಗೆ ಹುಳುಕಡ್ಡಿ: ಸುಮ್ಮನೆ ಬಿಡಬೇಕೇ, ಶಾಂಪೂವೇ, ಗಂಧಕದ ನೀರೇ, ಮಾತ್ರೆಯೇ?

ಮಳೆಗಾಲ ಬಂತೆಂದರೆ ಕುದುರೆ ಸಾಕಿದವರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ಹೊಟ್ಟೆಪಟ್ಟಿ ಬಿಗಿಯುವ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೂದಲು ಉದುರಿದೆ. ಮೇಲೆ ಬೂದು ಬಣ್ಣದ ಹೊಟ್ಟು. ಕೆಲವು ದಿನಗಳಲ್ಲಿ ಭುಜದ ಮೇಲೆ ಇನ್ನೆರಡು, ಆಮೇಲೆ ಪಕ್ಕದ ಕುದುರೆಯ ಮುಖದ ಮೇಲೆ ಒಂದು. ಡಾಕ್ಟರ್ ಶಾಂಪೂ ಅಂತಾರೆ, ಕುದುರೆ ನೋಡಿಕೊಳ್ಳುವ ಸೈಸ್ ಬೇವಿನೆಣ್ಣೆ ಅಂತಾನೆ, ರೇಸ್ ಲಾಯದ ಗೆಳೆಯರು ಮಾತ್ರೆ ಅಂತಾರೆ. ಇನ್ನೊಬ್ಬರು ‘ಏನೂ ಮಾಡಬೇಡಿ, ತಾನೇ ಹೋಗುತ್ತೆ’ ಅಂತಾರೆ. ಯಾರ ಮಾತು ಕೇಳಬೇಕು?

ಕೊನೆಯವರ ಮಾತು ಸುಳ್ಳಲ್ಲ ಅನ್ನೋದೇ ಇಲ್ಲಿನ ತಮಾಷೆ. ಆರೋಗ್ಯವಾಗಿರುವ ಕುದುರೆಗೆ ಬಂದ ಹುಳುಕಡ್ಡಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ತಾನೇ ವಾಸಿಯಾಗುತ್ತದೆ. ಮೈ ಈ ರೋಗ ತರುವ ಫಂಗಸ್ಸನ್ನು ಗುರುತು ಹಿಡಿದು ಹೊರಗೆ ಹಾಕುತ್ತದೆ, ಕೂದಲು ಮತ್ತೆ ಬರುತ್ತದೆ. ಹಾಗಾದರೆ ಔಷಧಕ್ಕೆ ದುಡ್ಡು ಯಾಕೆ ಸುರಿಯಬೇಕು? ಆ ತಿಂಗಳುಗಳ ಉದ್ದಕ್ಕೂ ಉದುರುವ ಒಂದೊಂದು ಕೂದಲಿನಲ್ಲೂ ರೋಗದ ಬೀಜಾಣು ಇರುತ್ತದೆ. ಅದು ಬ್ರಷ್ಷಿಗೆ, ಜೀನಿಗೆ, ಲಾಯದ ಕಂಬಕ್ಕೆ ಅಂಟುತ್ತದೆ. ಅಲ್ಲಿಂದ ಬೇರೆ ಕುದುರೆಗೆ, ನಿಮ್ಮ ಕೈಗೆ, ಮಕ್ಕಳ ಕತ್ತಿಗೆ. ಅಂದರೆ ನೀವು ಕೊಳ್ಳುತ್ತಿರುವುದು ಬರೀ ವಾಸಿಯನ್ನಲ್ಲ. ಹರಡುವ ಕಾಲವನ್ನು ಎಷ್ಟು ಕಡಿಮೆ ಮಾಡಬಹುದು ಅನ್ನೋದನ್ನು ಕೊಳ್ಳುತ್ತಿದ್ದೀರಿ. ಎಲ್ಲ ಆಯ್ಕೆಗಳನ್ನೂ ಈ ಕಣ್ಣಿನಿಂದ ನೋಡಿದರೆ ಗೊಂದಲ ಅರ್ಧ ಇಳಿಯುತ್ತದೆ.

ಮೊದಲು ಇದು ಹುಳುಕಡ್ಡಿಯೇ?

ಮಳೆಯಲ್ಲಿ ನೆನೆದ ಕುದುರೆಯ ಬೆನ್ನಿನ ಮೇಲೆ ಇದೇ ರೀತಿ ಕಾಣುವ ಇನ್ನೊಂದು ರೋಗ ಬರುತ್ತದೆ. ಅದು ಡರ್ಮಟೋಫೈಲಸ್ ಅನ್ನುವ ಬ್ಯಾಕ್ಟೀರಿಯಾದ್ದು. ಅಲ್ಲಿ ಹಕ್ಕಳೆ ಎತ್ತಿದರೆ ಕೂದಲಿನ ಕುಚ್ಚು ಪೇಂಟ್ ಬ್ರಷ್ಷಿನ ತುದಿಯ ಹಾಗೆ ಅದರ ಜೊತೆಗೇ ಕಿತ್ತು ಬರುತ್ತದೆ, ಕೆಳಗೆ ಒದ್ದೆ ಚರ್ಮ. ಮಲೆನಾಡು, ಕರಾವಳಿ ಕಡೆಯವರು ಇದನ್ನು ಜಾಸ್ತಿ ಅನುಮಾನಿಸಬೇಕು. ಹೇನು, ಕಜ್ಜಿ, ನೊಣ ಕಚ್ಚಿದ ಅಲರ್ಜಿಯಲ್ಲೂ ಕೂದಲು ಉದುರುತ್ತದೆ, ಆದರೆ ಆಗ ತುರಿಕೆ ಜೋರು. ಹುಳುಕಡ್ಡಿಯಲ್ಲಿ ತುರಿಕೆ ಅಷ್ಟಾಗಿ ಇರುವುದಿಲ್ಲ.

ಗಂಟುಗಳು ಸಾಲಾಗಿ ಎದ್ದು, ಒಡೆದು ಕೀವು ಸೋರುತ್ತಿದ್ದರೆ, ಜೊತೆಗೆ ಮೂಗಿನಿಂದ ಅಂಟು ಸಿಂಬಳ ಬರುತ್ತಿದ್ದರೆ ಈ ಲೇಖನ ಅಲ್ಲೇ ಬಿಡಿ. ಅದು ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೆ ಅಂಟಿದರೆ ಪ್ರಾಣಕ್ಕೇ ಅಪಾಯ. ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅದು. ಮುಟ್ಟದೆ ಸರ್ಕಾರಿ ಪಶುವೈದ್ಯರನ್ನು ಕರೆಸಿ. ಊರಲ್ಲಿ ಯಾರೂ ಸಿಗದಿದ್ದರೆ ಪಶುಪಾಲನಾ ಇಲಾಖೆಯ 1962ಕ್ಕೆ ಫೋನ್ ಮಾಡಿ.

ಖಾತ್ರಿಗೆ ಮಚ್ಚೆಯ ಅಂಚಿನಿಂದ ಕೂದಲನ್ನು ಬೇರುಸಮೇತ ಕಿತ್ತು ಪರೀಕ್ಷೆಗೆ ಕಳಿಸುತ್ತಾರೆ. ನಡುವಿನ ಬೋಳು ಜಾಗದಲ್ಲಿ ಫಂಗಸ್ ಆಗಲೇ ಸತ್ತಿರಬಹುದು, ಅದಕ್ಕೇ ಅಂಚು. ಯಾವ ಔಷಧವನ್ನೂ ಹಚ್ಚುವ ಮೊದಲೇ ತೆಗೆಯಬೇಕು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ಕಟ್ಟಿ ಬೇರೆ ಬೂಷ್ಟು ಬೆಳೆಯುತ್ತದೆ. ಕಾಗದದ ಕವರ್ ಸಾಕು. ಬೆಂಗಳೂರಿನ ಸುತ್ತಮುತ್ತ ಇರುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಎಲ್ಲಿಗೆ ಕಳಿಸಿದರೂ ‘ಇದು ಕುದುರೆಯ ಕೂದಲು’ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಕುದುರೆಗೆ ಹೆಚ್ಚಾಗಿ ಬರುವ ಟ್ರೈಕೋಫೈಟಾನ್ ಇಕ್ವೈನಮ್ ಅನ್ನುವ ಫಂಗಸ್ ಲ್ಯಾಬಿನಲ್ಲಿ ಅದನ್ನು ಬೆಳೆಸುವ ಆಹಾರದಲ್ಲಿ ನಿಕೋಟಿನಿಕ್ ಆಮ್ಲ ಇಲ್ಲದಿದ್ದರೆ ಸರಿಯಾಗಿ ಬೆಳೆಯುವುದಿಲ್ಲ. ಲ್ಯಾಬಿನವರಿಗೆ ಗೊತ್ತಿದ್ದರೆ ಅದನ್ನು ಸೇರಿಸುತ್ತಾರೆ. ಇಲ್ಲದಿದ್ದರೆ ರೋಗ ಇದ್ದೂ ‘ಇಲ್ಲ’ ಅಂತ ವರದಿ ಬರಬಹುದು. ಹೀಗೆ ಫಂಗಸ್ ಬೆಳೆಸಿ ನೋಡುವ ಪರೀಕ್ಷೆಯ, ಅಂದರೆ ಕಲ್ಚರ್‌ನ, ಫಲಿತಾಂಶಕ್ಕೆ ಒಂದರಿಂದ ನಾಲ್ಕು ವಾರ ಬೇಕು. ಅಲ್ಲಿವರೆಗೆ ಕಾಯುತ್ತಾ ಕೂರಬೇಕಿಲ್ಲ, ಅನುಮಾನದ ಮೇಲೇ ಶುರು ಮಾಡಬಹುದು. ಅಂದಹಾಗೆ, ಹುಳುಕಡ್ಡಿ ಪತ್ತೆಗೆ ಅಂತ ಆನ್‌ಲೈನಿನಲ್ಲಿ ಸಿಗುವ ನೇರಳೆ ಬೆಳಕಿನ ಟಾರ್ಚಿಗೆ ದುಡ್ಡು ಹಾಕಬೇಡಿ. ಆ ಬೆಳಕಿಗೆ ಹೊಳೆಯುವುದು ಮುಖ್ಯವಾಗಿ ಬೆಕ್ಕಿನಿಂದ ಬರುವ ಮೈಕ್ರೋಸ್ಪೋರಮ್ ಕ್ಯಾನಿಸ್, ಅದೂ ಎಲ್ಲ ಸಲ ಅಲ್ಲ. ಕುದುರೆಯ ಟ್ರೈಕೋಫೈಟಾನ್ ಹೊಳೆಯುವುದೇ ಇಲ್ಲ.

ಯಾವುದನ್ನು ಅಳೆದು ನೋಡಬೇಕು

ಔಷಧದ ಹೆಸರಿಗೆ ಹೋಗುವ ಮುಂಚೆ ನಿಮ್ಮ ಲಾಯವನ್ನೊಮ್ಮೆ ನೋಡಿ. ಎಷ್ಟು ಕುದುರೆ ಇವೆ, ಜೀನು ಮತ್ತು ಬ್ರಷ್ ಹಂಚಿಕೊಳ್ಳುತ್ತವೆಯೇ? ಮುಟ್ಟುವವರು ಯಾರು: ಒಬ್ಬನೇ ಸೈಸೋ, ಸವಾರಿ ಕಲಿಯಲು ಬರುವ ಮಕ್ಕಳೋ? ಕುದುರೆ ಕೆಲಸಕ್ಕೆ ಯಾವಾಗ ಮರಳಬೇಕು? ಗಬ್ಬದ ಹೆಣ್ಣು ಕುದುರೆ ಇದೆಯೇ? ಇಡೀ ಮೈ ತೊಳೆಯುವಷ್ಟು ನೀರು, ಬಿಸಿಲು, ಕೈಯಾಳು ಇದ್ದಾರೆಯೇ? ಬೆಲೆ ಕೊನೆಗೆ ನೋಡಿ. ಅಗ್ಗದ ಮುಲಾಮು ಹಚ್ಚಿ ಆರು ಕುದುರೆಗೆ ಹರಡಿಸಿಕೊಂಡರೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಏನೂ ಹಚ್ಚದೆ ಬಿಡುವುದು

ಒಂದೇ ಕುದುರೆ, ಎರಡು ಮೂರು ಮಚ್ಚೆ, ಬೇರೆ ಪ್ರಾಣಿ ಹತ್ತಿರ ಇಲ್ಲ, ನೋಡಿಕೊಳ್ಳುವವರು ಒಬ್ಬರೇ ದೊಡ್ಡವರು, ಎರಡು ಮೂರು ತಿಂಗಳು ಸವಾರಿ ನಿಂತರೂ ಪರವಾಗಿಲ್ಲ. ಇಷ್ಟೂ ಹೌದಾದರೆ ಇದು ನಿಜವಾದ ಆಯ್ಕೆಯೇ. ಕುದುರೆಗೆ ಏನೂ ಅನ್ಯಾಯ ಆಗುವುದಿಲ್ಲ. ಆದರೆ ‘ಬಿಡುವುದು’ ಅಂದರೆ ಔಷಧ ಬಿಡುವುದು ಮಾತ್ರ. ಬೇರೆ ಕಟ್ಟುವುದು, ಬೇರೆ ಬ್ರಷ್, ಗ್ಲೌಸ್ ಇದ್ದೇ ಇರಬೇಕು. ಒಂದು ವರ್ಷದ ಮರಿ, ಬಡಕಲಾದ ಕುದುರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಕುದುರೆ, ವಯಸ್ಸಾಗಿ ಕಾಯಿಲೆ ಬಿದ್ದ ಕುದುರೆಗೆ ಈ ದಾರಿ ಬೇಡ. ಅಲ್ಲಿ ಮೈಗೆ ತಾನೇ ವಾಸಿ ಮಾಡಿಕೊಳ್ಳುವ ಶಕ್ತಿ ಕಡಿಮೆ. ಹಸು ಕಟ್ಟುವ ಕೊಟ್ಟಿಗೆಯಲ್ಲೇ ಕುದುರೆಯನ್ನೂ ಕಟ್ಟುವವರಿಗೂ ಬೇಡ. ದನದ ಹುಳುಕಡ್ಡಿಯ ಫಂಗಸ್ ಕುದುರೆಗೂ ಬರುತ್ತದೆ, ಆಗ ನೀವು ಎರಡೂ ಕಡೆ ನೋಡಬೇಕಾಗುತ್ತದೆ.

ಟ್ಯೂಬಿನ ಮುಲಾಮು

ಮೈಕೋನಜೋಲ್ ಅಥವಾ ಕ್ಲೋಟ್ರಿಮಜೋಲ್ ಇರುವ ಕ್ರೀಮು. ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ಬೆಲೆ ಕಡಿಮೆ, ಹಚ್ಚೋದು ಸುಲಭ. ಕಣ್ಣಿನ ಸುತ್ತ, ಮೂತಿಯ ಹತ್ತಿರ, ನೀರು ಸುರಿಯಲಾಗದ ಜಾಗಕ್ಕೆ ಇದೇ ಸರಿ. ಆದರೆ ಕಣ್ಣಿಗೆ ಕಾಣುವ ಮಚ್ಚೆಯ ಆಚೆಗೂ ಬೀಜಾಣು ಇರುತ್ತದೆ. ನೀವು ಮಚ್ಚೆಗೆ ಹಚ್ಚುತ್ತೀರಿ, ಅದು ನಾಲ್ಕು ಬೆರಳು ಆಚೆ ಮೊಳೆಯುತ್ತದೆ. ಆದ್ದರಿಂದ ಮುಲಾಮನ್ನು ಇಡೀ ಚಿಕಿತ್ಸೆ ಅಂದುಕೊಳ್ಳಬೇಡಿ, ಮೈ ತೊಳೆಯುವುದರ ಜೊತೆಗೆ ಸೇರಿಸಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ದೇಶದ ಮೆಡಿಕಲ್ ಶಾಪುಗಳದ್ದೇ ಒಂದು ವಿಶೇಷ ತೊಂದರೆ ಇದೆ. ‘ಹುಳುಕಡ್ಡಿಗೆ ಕೊಡಿ’ ಅಂದರೆ ಫಂಗಸ್ ಔಷಧ, ಆಂಟಿಬಯಾಟಿಕ್, ಸ್ಟೀರಾಯ್ಡ್ ಮೂರೂ ಬೆರೆಸಿದ ಟ್ಯೂಬ್ ಕೈಗೆ ಬರುತ್ತದೆ. ಲೇಬಲಿನಲ್ಲಿ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಅನ್ನುವ ಹೆಸರು ಇದ್ದರೆ ವಾಪಸ್ ಕೊಡಿ. ಸ್ಟೀರಾಯ್ಡ್ ಕೆಂಪನ್ನು, ತುರಿಕೆಯನ್ನು ಎರಡು ದಿನದಲ್ಲಿ ಅಡಗಿಸುತ್ತದೆ. ಜೊತೆಗೆ ಫಂಗಸ್ಸಿನ ಜೊತೆ ಹೋರಾಡುವ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಮನುಷ್ಯರಲ್ಲಿ ವಾಸಿಯಾಗದ ಹುಳುಕಡ್ಡಿ ಇಷ್ಟೊಂದು ಹಬ್ಬಿರುವುದಕ್ಕೆ ಈ ಟ್ಯೂಬುಗಳೂ ಒಂದು ಕಾರಣ ಅಂತ ಚರ್ಮದ ಡಾಕ್ಟರುಗಳು ವರ್ಷಗಳಿಂದ ಹೇಳುತ್ತಿದ್ದಾರೆ. ಅದನ್ನೇ ತಂದು ಕುದುರೆಗೆ ಹಚ್ಚೋದು ಯಾಕೆ ಅಲ್ವಾ? ರೇಸ್ ಕುದುರೆಯಾದರೆ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯ ಬೇರೆ.

ಮೈಕೋನಜೋಲ್–ಕ್ಲೋರ್‌ಹೆಕ್ಸಿಡಿನ್ ಶಾಂಪೂ

ನಾಯಿಗಳಿಗೆ ಅಂತ ಮಾರುವ ಶಾಂಪೂ ಇದು, ಸಾಮಾನ್ಯವಾಗಿ ಎರಡೂ ಶೇ. 2ರಷ್ಟು ಇರುತ್ತವೆ. ಹೆಚ್ಚಿನವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಕಾರಣ ಎರಡು. ಇದು ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡುತ್ತದೆ. ಮೇಲೆ ಹೇಳಿದ ಡರ್ಮಟೋಫೈಲಸ್ಸೋ ಹುಳುಕಡ್ಡಿಯೋ ಅಂತ ಇನ್ನೂ ಗೊತ್ತಾಗದೆ ಇರುವಾಗ ಎರಡಕ್ಕೂ ಒಂದಿಷ್ಟು ಉತ್ತರ ಸಿಕ್ಕಂತಾಗುತ್ತದೆ.

ವಾರಕ್ಕೆ ಎರಡು ಸಲ. ನೊರೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಎಲ್ಲರೂ ತಪ್ಪುವುದು ಆ ಹತ್ತು ನಿಮಿಷದಲ್ಲಿ. ಹಚ್ಚಿದ ಕೂಡಲೇ ನೀರು ಸುರಿದರೆ ಬರೀ ಕೊಳೆ ಹೋಗುತ್ತದೆ. ಗಡಿಯಾರ ನೋಡಿ. ಕೊರತೆಗಳೂ ಇವೆ. ತೊಳೆದ ಮೇಲೆ ಔಷಧ ಮೈಮೇಲೆ ಹೆಚ್ಚು ಉಳಿಯುವುದಿಲ್ಲ. ನಾಯಿಗೆ ಲೆಕ್ಕ ಹಾಕಿ ಮಾಡಿದ 200 ಮಿಲಿ ಬಾಟಲಿ 450 ಕೆಜಿ ಕುದುರೆಯ ಮೇಲೆ ನೋಡನೋಡುತ್ತಾ ಖಾಲಿ. ಒಂದೆರಡು ಕುದುರೆಗೆ ಪರವಾಗಿಲ್ಲ, ಹತ್ತಿದ್ದರೆ ಖರ್ಚು ಕೈ ಕಚ್ಚುತ್ತದೆ. ಜಡಿಮಳೆಯ ವಾರದಲ್ಲಿ ವಾರಕ್ಕೆರಡು ಸಲ ಇಡೀ ಮೈ ನೆನೆಸಿ ಒಣಗಿಸುವುದೂ ಕಷ್ಟ. ಒದ್ದೆ ಚರ್ಮ ಅಂದರೆ ಫಂಗಸ್ಸಿಗೆ ಹಬ್ಬ.

ಎನಿಲ್‌ಕೋನಜೋಲ್ ದ್ರಾವಣ

ಯುರೋಪಿನಲ್ಲಿ ಕುದುರೆ, ದನ, ನಾಯಿಗಳ ಹುಳುಕಡ್ಡಿಗೆಂದೇ ಪರವಾನಗಿ ಪಡೆದ ಔಷಧ. ಬಾಟಲಿಯ ಗಟ್ಟಿ ಔಷಧದ ಒಂದು ಪಾಲಿಗೆ ಐವತ್ತು ಪಾಲು ಉಗುರುಬೆಚ್ಚಗಿನ ನೀರು ಬೆರೆಸಿ ಶೇ. 0.2ರ ದ್ರಾವಣ ಮಾಡುತ್ತಾರೆ. 100 ಮಿಲಿಗೆ ಐದು ಲೀಟರ್ ಆಗುತ್ತದೆ. ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಮೊದಲು ಬ್ರಷ್ಷಿನಿಂದ ಇದೇ ದ್ರಾವಣದಲ್ಲಿ ಹಕ್ಕಳೆ ನೆನೆಸಿ ತೆಗೆಯಬೇಕು, ಆಮೇಲೆ ಮಚ್ಚೆಗೂ ಸುತ್ತಲಿಗೂ ಸ್ಪಂಜಿನಿಂದ ಒರೆಸಬೇಕು. ಮುಖ್ಯ ವಿಷಯ: ಇದನ್ನು ತೊಳೆಯುವುದಿಲ್ಲ. ಮೈಮೇಲೇ ಒಣಗಲು ಬಿಡುತ್ತಾರೆ. ಶಾಂಪೂಗಿಂತ ಇದು ಮೇಲು ಅನ್ನಿಸುವುದು ಇಲ್ಲೇ: ಕೆಲಸ ಕಡಿಮೆ, ಸಂಖ್ಯೆ ನಿಗದಿ, ನೀರು ಕಡಿಮೆ, ಕಲೆ ಇಲ್ಲ.

ಬೆಲೆ ಜಾಸ್ತಿ, ಮತ್ತೆ ನಮ್ಮ ಕಡೆ ಸಿಗುವುದನ್ನು ಮೊದಲೇ ಡಾಕ್ಟರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಬೇಕು. ನಾಲ್ಕರಲ್ಲಿ ಒಂದು ಸಲಕ್ಕೆ ಮಾತ್ರ ಆಗುವಷ್ಟು ತಂದು ಮುಂದಿನದಕ್ಕೆ ಹುಡುಕಾಡುವುದಾದರೆ ಶುರು ಮಾಡದಿರುವುದೇ ಒಳ್ಳೆಯದು. ಬೆಕ್ಕುಗಳು ಲಾಯದಲ್ಲಿ ಓಡಾಡುತ್ತಿದ್ದರೆ ಔಷಧಕ್ಕೆ ಬಳಸಿದ ಬಕೆಟ್, ಸ್ಪಂಜು ಅವಕ್ಕೆ ಸಿಗದಂತೆ ಇಡಿ.

ಸುಣ್ಣ–ಗಂಧಕದ ನೀರು

ಹಳೇ ಕಾಲದ್ದು, ಆದರೆ ಇವತ್ತಿಗೂ ಫಂಗಸ್ಸಿಗೆ ನಿಜವಾಗಿ ಕೆಲಸ ಮಾಡುವ ಸಾಲಿನಲ್ಲಿ ಮುಂದೆ ನಿಲ್ಲುತ್ತದೆ. ಶೇ. 2ರಿಂದ 5ರ ದ್ರಾವಣವನ್ನು ವಾರಕ್ಕೊಮ್ಮೆ ಅಥವಾ ಎರಡು ಸಲ ಮೈಮೇಲೆ ಸುರಿದು ತೊಳೆಯದೆ ಬಿಡುತ್ತಾರೆ. ಕುದುರೆಗಳು ಜಾಸ್ತಿ, ಕಾಸು ಕಡಿಮೆ ಅನ್ನುವ ಕಡೆ ಇದರಷ್ಟು ಲಾಭದ್ದು ಇನ್ನೊಂದಿಲ್ಲ. ಹೇನು, ಕಜ್ಜಿಗೂ ಆಗುತ್ತದೆ.

ಆದರೆ ಕೊಳೆತ ಮೊಟ್ಟೆಯ ವಾಸನೆ! ಸೈಸ್ ಬಯ್ಯುತ್ತಾನೆ, ಅಕ್ಕಪಕ್ಕದ ಮನೆಯವರು ಬಯ್ಯುತ್ತಾರೆ. ಬಿಳಿ ಕುದುರೆ ಹಳದಿಯಾಗುತ್ತದೆ. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಬಿಳಿ ಕುದುರೆಗೆ ಮುಹೂರ್ತದ ತಿಂಗಳಲ್ಲಿ ಇದನ್ನು ಸುರಿದರೆ ಹೊಟ್ಟೆಪಾಡಿಗೆ ಏಟು. ಬೆಳ್ಳಿ, ಹಿತ್ತಾಳೆಯ ಬಕಲ್ ಕಪ್ಪಾಗುತ್ತದೆ, ಕೈಯ ಉಂಗುರ ತೆಗೆದಿಟ್ಟೇ ಕೆಲಸಕ್ಕೆ ಇಳಿಯಿರಿ. ಗಾಳಿಯಾಡುವ ಜಾಗದಲ್ಲೇ ಮಾಡಿ. ಇನ್ನೊಂದು ಮಾತು: ತೋಟಕ್ಕೆ ಹೊಡೆಯಲು ತಂದ ಗಟ್ಟಿ ಸುಣ್ಣ–ಗಂಧಕವನ್ನು ಅಂದಾಜಿನ ಮೇಲೆ ನೀರು ಬೆರೆಸಿ ಕುದುರೆಗೆ ಹಾಕಬೇಡಿ. ಗಟ್ಟಿಯಾದರೆ ಚರ್ಮ ಸುಡುತ್ತದೆ. ಪ್ರಾಣಿಗಳಿಗೆಂದೇ ತಯಾರಿಸಿದ್ದನ್ನು, ಡಾಕ್ಟರ್ ಹೇಳಿದ ಅಳತೆಯಲ್ಲಿ ಮಾತ್ರ.

ಮಾತ್ರೆ, ಇಂಜೆಕ್ಷನ್, ಲಸಿಕೆ

ಗ್ರಿಸಿಯೋಫಲ್ವಿನ್ ಪುಡಿಯನ್ನು ಮೇವಿನಲ್ಲಿ ಬೆರೆಸಿ ಕೊಡುವ ರೂಢಿ ಹಳೆಯದು. ಮೈ ತೊಳೆಯುವ ಕಷ್ಟ ಇಲ್ಲ ಅನ್ನುವುದೇ ಅದರ ಆಕರ್ಷಣೆ. ಆದರೆ ಕುದುರೆಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಕಡಿಮೆ. ಗಬ್ಬದ ಕುದುರೆಗೆ ಕೊಡಲೇಬಾರದು, ಮರಿಗೆ ಅಂಗವೈಕಲ್ಯ ಬರಬಹುದು. ಬಸುರಿ ಹೆಂಗಸರು ಆ ಪುಡಿಯನ್ನು ಮುಟ್ಟಲೂಬಾರದು. ಇಟ್ರಾಕೋನಜೋಲ್‌ನಂಥವನ್ನು ಕುದುರೆಯ ತೂಕಕ್ಕೆ ಲೆಕ್ಕ ಹಾಕಿದರೆ ಬಿಲ್ಲು ನೋಡಿ ತಲೆ ತಿರುಗುತ್ತದೆ. ಮನುಷ್ಯರಿಗೆ ಕೊಡುವ ಕೀಟೋಕೋನಜೋಲ್ ಮಾತ್ರೆ ಕುದುರೆಯ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಇನ್ನು ಕೆಲವರು ಜಂತಿಗೆ ಹಾಕಿಸುವ ಐವರ್ಮೆಕ್ಟಿನ್ ಹಾಕಿಸುತ್ತಾರೆ. ಅದು ಫಂಗಸ್ಸಿಗೆ ಏನೂ ಮಾಡುವುದಿಲ್ಲ.

ನನ್ನ ಲೆಕ್ಕದಲ್ಲಿ ಒಳಗಿನ ಔಷಧ ಮೊದಲ ಆಯ್ಕೆಯೇ ಅಲ್ಲ. ಮೈತುಂಬಾ ಹರಡಿ, ತೊಳೆದರೂ ಜಗ್ಗದೆ, ಕುದುರೆ ಬೇರೆ ಕಾಯಿಲೆಯಿಂದ ಬಳಲುತ್ತಿದ್ದರೆ ಡಾಕ್ಟರ್ ಯೋಚಿಸಲಿ. ಯುರೋಪಿನ ಕೆಲವು ದೇಶಗಳಲ್ಲಿ ಎರಡು ವಾರದ ಅಂತರದಲ್ಲಿ ಎರಡು ಸಲ ಕೊಡುವ ಲಸಿಕೆ ಬಳಕೆಯಲ್ಲಿದೆ. ದೊಡ್ಡ ಲಾಯದವರಿಗೆ ಒಳ್ಳೆಯ ಉಪಾಯವೇ. ವಿದೇಶದಲ್ಲಿ ಕುದುರೆ ಸಾಕಿರುವ ಕನ್ನಡಿಗರು ಅಲ್ಲಿನ ಡಾಕ್ಟರ್ ಹತ್ತಿರ ಕೇಳಬಹುದು.

ಮನೆಮದ್ದಿನ ಬಗ್ಗೆ ಎರಡು ಮಾತು ಸಾಕು. ಬೇವಿನೆಣ್ಣೆ, ಅರಿಶಿನದಿಂದ ದೊಡ್ಡ ಹಾನಿ ಇಲ್ಲ, ಆದರೆ ಎಣ್ಣೆಗೆ ಧೂಳು, ಉದುರಿದ ಕೂದಲು ಅಂಟಿ ಜೀನಿಗೆ ಸಾಗುತ್ತದೆ. ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಹಚ್ಚುವುದು ಕುದುರೆಗೆ ಕೊಡುವ ಹಿಂಸೆ.

ಎಲ್ಲ ಆಯ್ಕೆಗೂ ಸೇರಿದ ಅರ್ಧ ಕೆಲಸ

ಇದನ್ನು ಓದದೆ ದಾಟಬೇಡಿ. ಯಾವ ಔಷಧವನ್ನು ಆರಿಸಿದರೂ ಹೊಟ್ಟೆಪಟ್ಟಿ ಹಳೆಯದೇ ಆದರೆ ಹುಳುಕಡ್ಡಿ ಮರಳಿ ಬರುತ್ತದೆ. ಒಣ ಕೂದಲಿನಲ್ಲಿ ಬೀಜಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೂ ಬದುಕಿರುತ್ತದೆ.

ಕರಾರ (ಮೈ ಉಜ್ಜುವ ಹಲ್ಲಿನ ಬಾಚಣಿಗೆ), ಬ್ರಷ್, ಜೀನಿನ ಕೆಳಗಿನ ಬಟ್ಟೆ, ಹೊದಿಕೆ ಪ್ರತಿ ಕುದುರೆಗೂ ಬೇರೆ ಬೇರೆ ಇರಲಿ. ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ, ಸೈಸ್‌ಗೆ ಓದು ಬರದಿದ್ದರೂ ಬಣ್ಣ ಗೊತ್ತಾಗುತ್ತದೆ. ಮರದ ಬ್ರಷ್ಷನ್ನು ಸುಟ್ಟುಬಿಡಿ, ಅದನ್ನು ಶುದ್ಧ ಮಾಡುವುದಕ್ಕಿಂತ ಹೊಸದು ಅಗ್ಗ. ಪ್ಲಾಸ್ಟಿಕ್, ಕಬ್ಬಿಣ, ಸಿಮೆಂಟ್ ನೆಲವನ್ನು ಮೊದಲು ಸೋಪಿನಲ್ಲಿ ಉಜ್ಜಿ ತೊಳೆದು, ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಡಿ. ಕೊಳೆ ಇದ್ದ ಜಾಗದಲ್ಲಿ ಬ್ಲೀಚ್ ವ್ಯರ್ಥ. ಆಸಿಡ್ ಅಥವಾ ಬೇರೆ ಕ್ಲೀನರ್ ಜೊತೆ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಚರ್ಮದ ಜೀನು, ಲಗಾಮಿಗೆ ಬ್ಲೀಚ್ ಬೇಡ, ಹಾಳಾಗುತ್ತದೆ. ಅವನ್ನು ಜೀನಿನ ಸೋಪಿನಲ್ಲಿ ಒರೆಸಿ, ಮೇಲೆ ಫಂಗಸ್ ಕೊಲ್ಲುವ ದ್ರಾವಣ ಸವರಿ ಒಣಗಿಸಬೇಕು. ಬರೀ ಬಿಸಿಲಿಗೆ ಹಾಕಿದರೆ ಸಾಲದು.

ಹುಳುಕಡ್ಡಿ ಇರುವ ಕುದುರೆಯ ಕೆಲಸವನ್ನು ದಿನದ ಕೊನೆಗೆ ಮಾಡಿ. ಮಚ್ಚೆಯ ಮೇಲೆ ಕರಾರ ಎಳೆಯಬೇಡಿ. ಜೀನು ಕೂರುವ ಜಾಗದಲ್ಲಿ ಮಚ್ಚೆ ಇದ್ದರೆ ಸವಾರಿಯೇ ಬೇಡ, ಉಜ್ಜಿದಷ್ಟೂ ಹರಡುತ್ತದೆ. ಮೈ ಪೂರ್ತಿ ಕೂದಲು ಕತ್ತರಿಸುವುದೂ ಅಷ್ಟೇ ಅಪಾಯ, ಮೆಷಿನ್ ಬೀಜಾಣುವನ್ನು ಲಾಯದ ತುಂಬಾ ಹಾರಿಸುತ್ತದೆ. ಸೈಸ್‌ನ ತೋಳಿನ ಮೇಲೆ ಉಂಗುರ ಕಂಡರೆ ಚರ್ಮದ ಡಾಕ್ಟರ್ ಹತ್ತಿರ ಕಳಿಸಿ, ‘ಕುದುರೆಗೂ ಇದೆ’ ಅಂತ ಹೇಳಲು ಹೇಳಿ.

ಹಾಗಾದರೆ ನಿಮಗೆ ಯಾವುದು

ಮೈಸೂರಿನಲ್ಲಿ ಒಂದೇ ಟಾಂಗಾ ಕುದುರೆ, ದಿನದ ದುಡಿಮೆಯ ಮೇಲೆ ಮನೆ ನಡೆಯುತ್ತದೆ ಅಂದರೆ: ಸುಣ್ಣ–ಗಂಧಕ ಸಿಕ್ಕರೆ ಅದೇ. ಇಲ್ಲದಿದ್ದರೆ ಶಾಂಪೂವನ್ನು ಮಚ್ಚೆ ಮತ್ತು ಅದರ ಸುತ್ತ ಒಂದು ಗೇಣು ಜಾಗಕ್ಕೆ ಮಾತ್ರ ಬಳಸಿ, ಬಾಟಲಿ ಬಾಳಿಕೆ ಬರುತ್ತದೆ. ಪಟ್ಟಿ ಉಜ್ಜುವ ಜಾಗದಲ್ಲಿ ಮಚ್ಚೆ ಇಲ್ಲದಿದ್ದರೆ ಗಾಡಿ ಎಳೆಯಬಹುದು, ಆದರೆ ಸ್ಟ್ಯಾಂಡಿನಲ್ಲಿ ಬೇರೆ ಕುದುರೆಗೆ ಮೈ ತಾಗದಂತೆ ದೂರ ನಿಲ್ಲಿಸಿ, ಪ್ರವಾಸಿಗರು ಮಕ್ಕಳ ಕೈಯಲ್ಲಿ ಮುಟ್ಟಿಸದಂತೆ ನೋಡಿಕೊಳ್ಳಿ.

ಸವಾರಿ ಶಾಲೆ, ಮಕ್ಕಳು ಬರುತ್ತಾರೆ: ಇಲ್ಲಿ ಉಳಿತಾಯದ ಮಾತು ಬೇಡ. ಎನಿಲ್‌ಕೋನಜೋಲ್ ಸಿಕ್ಕರೆ ಅದು, ಇಲ್ಲವೇ ಶಾಂಪೂ ಇಡೀ ಮೈಗೆ. ಮಚ್ಚೆ ಇರುವ ಕುದುರೆ ಪಾಠಕ್ಕೆ ರಜೆ. ಅದರ ಜೊತೆ ಜೀನು ಹಂಚಿಕೊಂಡ ಎಲ್ಲ ಕುದುರೆಗಳಿಗೂ ಚಿಕಿತ್ಸೆ ಮಾಡಿ, ಯಾಕೆಂದರೆ ಸೋಂಕು ತಗುಲಿ ಮಚ್ಚೆ ಕಾಣಲು ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ. ಪೋಷಕರಿಗೆ ತಿಳಿಸಿಬಿಡಿ, ಮುಚ್ಚಿಟ್ಟರೆ ಮುಂದೆ ಇನ್ನೂ ಕಷ್ಟ.

ರೇಸ್ ಲಾಯ: ಸಮಯವೇ ದುಡ್ಡು, ಕುದುರೆಗಳು ಒತ್ತೊತ್ತಾಗಿ ಇರುತ್ತವೆ, ಎರಡು ವರ್ಷದ ಎಳೆಯವು ಜಾಸ್ತಿ. ಎನಿಲ್‌ಕೋನಜೋಲ್ ಇಲ್ಲಿಗೆ ಹೊಂದುತ್ತದೆ. ಏನನ್ನು ಹಚ್ಚುವ ಮುಂಚೆಯೂ ಕ್ಲಬ್ಬಿನ ಡಾಕ್ಟರ್ ಹತ್ತಿರ ಔಷಧದ ನಿಯಮ ಕೇಳಿ.

ಸ್ಟಡ್ ಫಾರ್ಮ್ (ಕುದುರೆ ತಳಿ ಬೆಳೆಸುವ ಕಡೆ), ಗಬ್ಬದ ಕುದುರೆಗಳು: ಹೊರಗಿನ ಚಿಕಿತ್ಸೆ ಮಾತ್ರ, ಅದನ್ನೂ ಡಾಕ್ಟರ್ ಕೇಳಿಯೇ. ಸಂಖ್ಯೆ ಜಾಸ್ತಿ ಇರುವುದರಿಂದ ಸುಣ್ಣ–ಗಂಧಕ ಲೆಕ್ಕಕ್ಕೆ ಸರಿಹೋಗುತ್ತದೆ. ಹೊಸದಾಗಿ ತಂದ ಕುದುರೆಯನ್ನು ಮೂರು ನಾಲ್ಕು ವಾರ ಬೇರೆ ಕಟ್ಟುವ ಪದ್ಧತಿ ಇಲ್ಲದಿದ್ದರೆ ಇವತ್ತೇ ಶುರು ಮಾಡಿ.

ಯಾವಾಗ ನಿಲ್ಲಿಸಬೇಕು? ಎನಿಲ್‌ಕೋನಜೋಲ್‌ಗೆ ಸಂಖ್ಯೆ ನಿಗದಿ; ಉಳಿದವನ್ನು ಹೊಸ ಕೂದಲು ಮೊಳೆತ ಕೂಡಲೇ ನಿಲ್ಲಿಸಬೇಡಿ, ಆಮೇಲೂ ಎರಡು ವಾರ ಮುಂದುವರಿಸಿ. ಅನುಕೂಲ ಇದ್ದವರು ಕಲ್ಚರ್ ಮತ್ತೆ ಮಾಡಿಸಲಿ. ನಾಲ್ಕು ವಾರ ಸರಿಯಾಗಿ ಮಾಡಿದ ಮೇಲೂ ಹೊಸ ಮಚ್ಚೆ ಬರುತ್ತಿದ್ದರೆ ಔಷಧ ಬದಲಿಸುವ ಮುಂಚೆ ಬ್ರಷ್ ಪೆಟ್ಟಿಗೆ ತೆರೆದು ನೋಡಿ. ಅಲ್ಲೂ ಎಲ್ಲ ಸರಿ ಇದ್ದರೆ ಡಾಕ್ಟರನ್ನು ಕರೆಸಿ ಚರ್ಮದ ತುಣುಕು ಪರೀಕ್ಷೆಗೆ ಕಳಿಸಲು ಹೇಳಿ, ಅದು ಹುಳುಕಡ್ಡಿಯೇ ಅಲ್ಲದಿರಬಹುದು.